ಬೆಲೆ ಅದೇ, ತೂಕ ಎಲ್ಲಿ?

ಗಿರಾಕಿಗೆ ಹತ್ತು ಗ್ರಾಂ ಕಡಿಮೆ ತೂಗುವ ಅಂಗಡಿಕಾರನಿಗೆ ನಮ್ಮ ಜನ ಇಟ್ಟ ಹೆಸರು ಒಂದೇ: ಮೋಸಗಾರ. 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ ಅವನಿಗೆ ದಂಡ ವಿಧಿಸುತ್ತದೆ. ವಿಧಿಸಬೇಕಾದದ್ದೇ. ಆದರೆ ಅದೇ ಹತ್ತು ಗ್ರಾಮನ್ನು ಲಕ್ಷಾಂತರ ಪೊಟ್ಟಣಗಳಿಂದ ಒಮ್ಮೆಗೇ ತೆಗೆದು, ಹೊಸ ತೂಕವನ್ನು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕುವ ದೊಡ್ಡ ಕಂಪನಿಗೆ ಏನೆಂದು ಹೆಸರಿಡೋಣ? ಕಾಯಿದೆಯ ಕಣ್ಣಿಗೆ ಅದು ಕ್ರಮಬದ್ಧ ವ್ಯಾಪಾರ!

ಲೆಕ್ಕ ನೋಡಿ. ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣ 50 ಗ್ರಾಂ ಇದ್ದದ್ದು 40ಕ್ಕೆ ಇಳಿಯಿತೆನ್ನೋಣ. ಕೊಡುವ ದುಡ್ಡು ಅದೇ ಐದು. ಆದರೆ ಗ್ರಾಮಿಗೆ 10 ಪೈಸೆ ಇದ್ದದ್ದು ಹನ್ನೆರಡೂವರೆ ಪೈಸೆ ಆಯಿತು. ಎಂದರೆ ಬೆಲೆ ನೂರಕ್ಕೆ 25ರಷ್ಟು ಏರಿತು. ಬೇಳೆಯ ಬೆಲೆ ಇಷ್ಟು ಏರಿದರೆ ಬೀದಿಯಲ್ಲಿ ಕೂಗೇಳುತ್ತದೆ. ಪೊಟ್ಟಣದೊಳಗೆ ಏರಿದರೆ ಸದ್ದೇ ಇಲ್ಲ.

ಈ ಹೊರೆ ಬೀಳುವುದು ಯಾರ ಮೇಲೆ? ತಿಂಗಳ ಸಾಮಾನನ್ನು ಒಟ್ಟಿಗೆ ಕೊಳ್ಳಲು ಕೈಯಲ್ಲಿ ಹಣವಿಲ್ಲದೆ, ಸೋಪು, ಚಹಾಪುಡಿಗಳನ್ನು ಐದು ಹತ್ತು ರೂಪಾಯಿಯ ಪೊಟ್ಟಣಗಳಲ್ಲಿ ಒಯ್ಯುವ ಮಿಲ್ ಕಾರ್ಮಿಕನ ಮೇಲೆ. ಬೈಗುಳ ತಿನ್ನುವವನಾರು? ಗಲ್ಲೆಯ ಮೇಲೆ ಕುಳಿತ ಸಣ್ಣ ವರ್ತಕ. ಪೊಟ್ಟಣ ಕಟ್ಟಿದವನು ಅವನಲ್ಲ, ಉಳಿಸಿದ ಹತ್ತು ಗ್ರಾಂ ಸೇರುವುದೂ ಅವನ ಗಲ್ಲೆಗಲ್ಲ.

ಬಿಸ್ಕತ್ತು, ಚಹಾ ಮೊದಲಾದ ಹಲವು ಸಾಮಾನುಗಳನ್ನು ಸರಕಾರ ಗೊತ್ತುಮಾಡಿದ ತೂಕಗಳಲ್ಲೇ ಕಟ್ಟಬೇಕೆಂಬ ನಿಯಮ ಹಿಂದೆ ಇತ್ತು. 2021ರ ತಿದ್ದುಪಡಿ ಆ ಪಟ್ಟಿಯನ್ನು ಕೈಬಿಟ್ಟು, ಗ್ರಾಂ ಇಲ್ಲವೆ ಕಿಲೋ ಲೆಕ್ಕದ ಬೆಲೆಯನ್ನು ಅಚ್ಚು ಹಾಕಲು ಹೇಳಿತು. ಅದು ಇಂದಿನ ಬೆಲೆಯನ್ನು ತಿಳಿಸೀತು; ನಿನ್ನೆ ಎಷ್ಟಿತ್ತೆಂಬುದನ್ನು ತಿಳಿಸದು.

ಹಿಟ್ಟು, ಎಣ್ಣೆ ತುಟ್ಟಿಯಾಗಿವೆ ಎಂಬುದು ಕಂಪನಿಗಳ ವಾದ. ಆಗಿರಬಹುದು. ಹಾಗಿದ್ದರೆ ಬಹಿರಂಗವಾಗಿ ಬೆಲೆ ಏರಿಸಲಿ. ಕೊಳ್ಳುವುದೋ ಬಿಡುವುದೋ ಗಿರಾಕಿ ತೀರ್ಮಾನಿಸಲಿ. ಅವರೇ ಕೊಂಡಾಡುವ ಮುಕ್ತ ಮಾರುಕಟ್ಟೆಯ ಧರ್ಮವೂ ಅದೇ ಅಲ್ಲವೆ? ಮಾರುವವನಿಗೆ ಮಾತ್ರ ಲೆಕ್ಕ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಅದು ಮುಕ್ತ ಮಾರುಕಟ್ಟೆಯಲ್ಲ, ಕತ್ತಲಲ್ಲಿ ನಡೆಯುವ ಸಂತೆ.

ಫ್ರಾನ್ಸಿನಲ್ಲಿ 2024ರ ಜುಲೈ 1ರಿಂದ, ತೂಕ ಇಳಿದು ದರ ಏರಿದ ಸಾಮಾನಿನ ಬಳಿ ದೊಡ್ಡ ಅಂಗಡಿಗಳು ಎರಡು ತಿಂಗಳು ಸೂಚನೆ ಹಾಕಬೇಕು. ಸಣ್ಣ ಅಂಗಡಿಗಳಿಗೆ ವಿನಾಯಿತಿ. ದಕ್ಷಿಣ ಕೊರಿಯ ಅದೇ ವರ್ಷದ ಆಗಸ್ಟಿನಿಂದ ತಯಾರಕರನ್ನೇ ಹೊಣೆಮಾಡಿದೆ. ಅವರು ಮೂರು ತಿಂಗಳು ಜನರಿಗೆ ತಿಳಿಸಬೇಕು. ಇವೆರಡೂ ಬಂಡವಾಳಶಾಹಿ ದೇಶಗಳೇ!

ನಮ್ಮ ಬೇಡಿಕೆಯೂ ದೊಡ್ಡದಲ್ಲ. ತೂಕ ಇಳಿಸಿದ ಪೊಟ್ಟಣದ ಮುಖದ ಮೇಲೆ ಹಳೆಯ ತೂಕ, ಹೊಸ ತೂಕ ಎರಡೂ ದಪ್ಪ ಅಕ್ಷರದ ಕನ್ನಡದಲ್ಲಿರಲಿ. ಇದನ್ನು ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಒಟ್ಟಾಗಿ ಕೇಳಬೇಕು. ಅಲ್ಲಿಯವರೆಗೆ, ವರ್ತಕ ಬಂಧುಗಳೇ, ತೂಕ ಇಳಿದ ಸಾಮಾನಿನ ಹೆಸರನ್ನು ನಿಮ್ಮ ಅಂಗಡಿಯ ಹಲಗೆಯ ಮೇಲೆ ಬರೆದಿಡಿ. ಗಿರಾಕಿಯ ಸಿಟ್ಟು ಸಲ್ಲಬೇಕಾದ ಕಡೆಗೆ ಸಲ್ಲಲಿ.