ಮಾಯವಾದ ಎರಡು ಪುಟಗಳು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಹಿರಿಯರ ಗಾದೆ. ಅಚ್ಚಾದ ಮಾತಿಗಂತೂ ಇದು ಇನ್ನೂ ಹೆಚ್ಚಾಗಿ ಒಪ್ಪುತ್ತದೆ. ಅಮೆರಿಕದ ಹೈಸ್ಕೂಲುಗಳಲ್ಲಿ ಈ ಸತ್ಯವನ್ನು ಎಳೆಯರು ಕೆಲಸದ ಮೂಲಕವೇ ಕಲಿಯುವ ಪದ್ಧತಿಯೊಂದುಂಟು. ವಿದ್ಯಾರ್ಥಿಗಳೇ ಸೇರಿ ಶಾಲೆಯ ವೃತ್ತಪತ್ರಿಕೆಯನ್ನು ಹೊರಡಿಸುತ್ತಾರೆ. ವರ್ಷಾಂತ್ಯದಲ್ಲಿ ಸಹಪಾಠಿಗಳ ಭಾವಚಿತ್ರ, ಆಟೋಟ, ಸಮಾರಂಭಗಳನ್ನೊಳಗೊಂಡ ‘ಇಯರ್ ಬುಕ್’ ಎಂಬ ಸಂಪುಟವನ್ನು ಸಿದ್ಧಪಡಿಸುತ್ತಾರೆ. ವರದಿ ಬರೆಯುವವರು, ಚಿತ್ರ ತೆಗೆಯುವವರು, ಪುಟ ಜೋಡಿಸುವವರು, ಕರಡು ತಿದ್ದುವವರು ಎಲ್ಲರೂ ಅವರೇ. ಮಾರ್ಗದರ್ಶನಕ್ಕೆ ಒಬ್ಬ ಉಪಾಧ್ಯಾಯರಿರುತ್ತಾರೆ. ಗೆಳೆಯನ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಆ ತಪ್ಪು ಅವನ ಮನೆಯ ಕಪಾಟಿನಲ್ಲಿ ಬಾಳೆಲ್ಲ ಕುಳಿತಿರುತ್ತದೆಂಬ ಅರಿವಾದಾಗ, ಯಾವ ವ್ಯಾಕರಣಪಾಠವೂ ಕಲಿಸದ ಎಚ್ಚರ ತಾನಾಗಿ ಮೂಡುತ್ತದೆ.

ಹೊಣೆಯೇನೋ ದೊಡ್ಡದು, ಹಕ್ಕು ಎಷ್ಟು? ಈ ಪ್ರಶ್ನೆ 1983ರಲ್ಲಿ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದ ಬಳಿಯ ಹೇಜಲ್‌ವುಡ್ ಈಸ್ಟ್ ಹೈಸ್ಕೂಲಿನಲ್ಲಿ ಎದ್ದಿತು. ಅಲ್ಲಿನ ವಿದ್ಯಾರ್ಥಿಗಳ ಪತ್ರಿಕೆ ‘ಸ್ಪೆಕ್ಟ್ರಮ್’. ಅದರ ಮೇ 13ರ ಸಂಚಿಕೆಗಾಗಿ, ಗರ್ಭಿಣಿಯರಾದ ಮೂವರು ವಿದ್ಯಾರ್ಥಿನಿಯರ ಅನುಭವವನ್ನೂ, ತಂದೆತಾಯಿಯರ ವಿಚ್ಛೇದನದಿಂದ ಮಕ್ಕಳು ಪಡುವ ಪಾಡನ್ನೂ ಕುರಿತ ಲೇಖನಗಳು ಸಿದ್ಧವಾಗಿದ್ದುವು. ಕರಡನ್ನು ನೋಡಿದ ಮುಖ್ಯೋಪಾಧ್ಯಾಯರಿಗೆ ಅಳುಕು ಹುಟ್ಟಿತು. ಹೆಸರು ಬದಲಾಯಿಸಿದ್ದರೂ ಆ ಹುಡುಗಿಯರ ಗುರುತು ಸಿಕ್ಕೀತು. ಮಗಳ ದೂರಿಗೆ ಗುರಿಯಾದ ತಂದೆಗೆ ಉತ್ತರಿಸುವ ಅವಕಾಶ ದೊರೆತಿಲ್ಲ. ತಿದ್ದಿಸುತ್ತ ಕುಳಿತರೆ ಶಾಲೆ ಮುಚ್ಚುವುದರೊಳಗೆ ಪತ್ರಿಕೆ ಹೊರಡದೆಂದು ಭಾವಿಸಿ, ಅವರು ಎರಡು ಪುಟಗಳನ್ನೇ ತೆಗೆದುಹಾಕಿಸಿದರು. ಆ ಪುಟಗಳಲ್ಲಿದ್ದ ನಿರಪರಾಧಿ ಲೇಖನಗಳೂ ಜೊತೆಗೇ ಹೋದುವು. ಆರು ಪುಟಗಳ ಪತ್ರಿಕೆ ನಾಲ್ಕು ಪುಟಗಳದಾಗಿ ಬಂದಾಗಲೇ ಸಂಪಾದಕವರ್ಗದ ಮಕ್ಕಳಿಗೆ ಸಂಗತಿ ತಿಳಿದದ್ದು.

ಪುಟಜೋಡಣೆಯ ಹೊಣೆ ಹೊತ್ತಿದ್ದ ಕ್ಯಾಥಿ ಕುಲ್ಮೈಯರ್ ಎಂಬ ಹುಡುಗಿಯೂ ಅವಳ ಇಬ್ಬರು ಸಹಪಾಠಿಗಳೂ ನ್ಯಾಯಾಲಯದ ಮೆಟ್ಟಿಲೇರಿದರು. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡ ವಿದ್ಯಾರ್ಥಿಗಳ ಪರವಾಗಿ 1969ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತ್ತು. ಅದೇ ನ್ಯಾಯಾಲಯ 1988ರ ಜನವರಿ 13ರಂದು, ಐವರು ನ್ಯಾಯಾಧೀಶರು ಒಂದು ಕಡೆ, ಮೂವರು ಇನ್ನೊಂದು ಕಡೆಯಾಗಿ, ಶಾಲೆಯ ಪಕ್ಷವನ್ನು ಹಿಡಿಯಿತು. ಶಾಲೆಯೇ ನಡೆಸುವ ಪತ್ರಿಕೆಯನ್ನು ಶಿಕ್ಷಣದ ದೃಷ್ಟಿಯಿಂದ ಸಕಾರಣವಾಗಿ ನಿಯಂತ್ರಿಸಬಹುದೆಂಬುದು ಬಹುಮತದ ಅಭಿಪ್ರಾಯ. ಅಷ್ಟರಲ್ಲಿ ಆ ಮೂವರೂ ಶಾಲೆ ಬಿಟ್ಟಾಗಿತ್ತು.

ಆದರೆ ರಾಜ್ಯಗಳು ತಮ್ಮ ಕಾನೂನಿನಿಂದ ಹೆಚ್ಚಿನ ಸ್ವಾತಂತ್ರ್ಯ ಕೊಡುವುದಕ್ಕೆ ಈ ತೀರ್ಪು ಅಡ್ಡಿಯಾಗಿರಲಿಲ್ಲ. ಮಿಸೌರಿಯ ನೆರೆರಾಜ್ಯವಾದ ಕ್ಯಾನ್ಸಾಸ್ 1992ರಲ್ಲಿ ಅಂತಹ ಶಾಸನ ಮಾಡಿತು. ವಿಷಯ ವಿವಾದಾಸ್ಪದವೆಂಬ ಒಂದೇ ಕಾರಣಕ್ಕೆ ಬರಹವನ್ನು ತಡೆಯುವಂತಿಲ್ಲ. ಮಾನಹಾನಿಗೂ ಅಶ್ಲೀಲಕ್ಕೂ ರಕ್ಷಣೆಯಿಲ್ಲ. ಪತ್ರಿಕೆಯಲ್ಲಿ ಬರುವುದಕ್ಕೆ ವಿದ್ಯಾರ್ಥಿ ಸಂಪಾದಕರೇ ಹೊಣೆ.

ಆ ನಂಬಿಕೆಯ ಫಲ 2017ರಲ್ಲಿ ಕಂಡಿತು. ಕ್ಯಾನ್ಸಾಸಿನ ಪಿಟ್ಸ್‌ಬರ್ಗ್ ಹೈಸ್ಕೂಲಿಗೆ ಹೊಸ ಮುಖ್ಯೋಪಾಧ್ಯಾಯಿನಿಯ ನೇಮಕವಾಯಿತು. ‘ಬೂಸ್ಟರ್ ರೆಡಕ್ಸ್’ ಎಂಬ ವಿದ್ಯಾರ್ಥಿ ಪತ್ರಿಕೆಯವರು ಅವರನ್ನು ಪರಿಚಯಿಸುವ ಲೇಖನಕ್ಕೆ ತೊಡಗಿದರು. ಅವರು ಉನ್ನತ ಪದವಿ ಪಡೆದೆನೆಂದು ಹೇಳಿದ ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆಯಿತ್ತೆಂಬುದಕ್ಕೆ ಆಧಾರ ಸಿಗಲಿಲ್ಲ. ಮಕ್ಕಳು ಗಾಬರಿಯಾಗಲಿಲ್ಲ; ಗುಲ್ಲೆಬ್ಬಿಸಲೂ ಇಲ್ಲ. ಕಾಗದಪತ್ರಗಳನ್ನು ಹುಡುಕಿದರು, ಬಲ್ಲವರನ್ನು ಕೇಳಿದರು, ಅವರೊಡನೆಯೇ ಮಾತನಾಡಿ ಉತ್ತರಕ್ಕೆ ಅವಕಾಶ ಕೊಟ್ಟರು. ಮಾರ್ಚ್ 31ರಂದು ವರದಿ ಪ್ರಕಟವಾಯಿತು; ಏಪ್ರಿಲ್ 4ರಂದು ಅವರು ರಾಜೀನಾಮೆಯಿತ್ತರು.

ಹೇಜಲ್‌ವುಡ್ಡಿನ ಮುಖ್ಯೋಪಾಧ್ಯಾಯರ ಅಳುಕು ಸುಳ್ಳಲ್ಲ. ಎಳೆಯ ಹುಡುಗಿಯ ಮಾನವೂ, ಉತ್ತರಿಸಲು ಅವಕಾಶವಿಲ್ಲದ ತಂದೆಯ ಹೆಸರೂ ಕಾಪಾಡತಕ್ಕವುಗಳೇ. ಆದರೆ ಮಕ್ಕಳನ್ನು ಕರೆದು, “ಈ ಗುರುತನ್ನು ಅಳಿಸಿರಿ, ಆ ತಂದೆಯನ್ನೂ ಒಂದು ಮಾತು ಕೇಳಿರಿ” ಎಂದಿದ್ದರೆ ಅದಕ್ಕಿಂತ ಮಿಗಿಲಾದ ಪಾಠ ಯಾವುದಿತ್ತು? ಪಿಟ್ಸ್‌ಬರ್ಗಿನ ಮಕ್ಕಳು ಮಾಡಿದ್ದೂ ಅದನ್ನೇ: ಇನ್ನೊಬ್ಬರ ಮಾತನ್ನೂ ಕೇಳಿ ಆಮೇಲೆ ಬರೆದರು. ಪುಟವನ್ನು ಕಿತ್ತುಹಾಕುವುದು ಅಧಿಕಾರಿಯ ಕೆಲಸ. ತಿದ್ದಿಸುವುದು ಗುರುವಿನ ಕೆಲಸ. ಇವೆರಡರ ನಡುವಣ ಅಂತರವನ್ನು ಮಕ್ಕಳು ಹಿರಿಯರಿಗಿಂತ ಬೇಗ ಅರಿಯುತ್ತಾರೆ.