ಕೇಳುವುದಕ್ಕೆ ಗ್ರೂಪು, ಮದ್ದಿಗೆ ಯಾರು?

ಮಳೆಗಾಲದಲ್ಲಿ ಅಡಿಕೆ ಬೆಳೆಗಾರರ ಯಾವ ವಾಟ್ಸ್‌ಆ್ಯಪ್ ಗ್ರೂಪು ತೆರೆದರೂ ಕೊಳೆರೋಗದ ಫೋಟೊಗಳೇ. ಎಲ್ಲಿ ಕಾಯಿ ಉದುರುತ್ತಿದೆ, ಎರಡನೇ ಸಲ ಬೋರ್ಡೋ ದ್ರಾವಣ ಬಿಡಲು ಯಾರಿಗೆ ಬಿಸಿಲು ಸಿಕ್ಕಿತು, ಮರ ಹತ್ತುವವರು ಎಲ್ಲಿದ್ದಾರೆ, ಎಲ್ಲವೂ ಕೂತಲ್ಲೇ ತಿಳಿಯುತ್ತದೆ. ಕಾರ್ಬನ್ ಫೈಬರ್ ದೋಟಿಯನ್ನು ಎಷ್ಟೋ ಬೆಳೆಗಾರರು ಮೊದಲು ಕಂಡದ್ದು ಇಂಥ ಗ್ರೂಪಿಗೆ ಬಂದ ವಿಡಿಯೊದಲ್ಲಿ. ನೆಲದಲ್ಲಿ ನಿಂತೇ ಕೊನೆ ತೆಗೆಯಬಹುದು ಎಂದು ಬಾಯಲ್ಲಿ ಹೇಳಿದರೆ ನಂಬುವುದು ಕಷ್ಟ. ತನ್ನಂಥ ಬೆಳೆಗಾರನೇ ತೋಟದಲ್ಲಿ ಮಾಡಿ ತೋರಿಸಿದರೆ ಧೈರ್ಯ ಬರುತ್ತದೆ. ಇದು ಸಣ್ಣ ಉಪಕಾರವಲ್ಲ. ವಿಜ್ಞಾನಿ ತೋಟಕ್ಕೆ ಬರುವವರೆಗೆ ರೋಗ ಕಾಯುವುದಿಲ್ಲ.

ಆದರೆ ಅದೇ ವೇಗದಲ್ಲಿ ತಪ್ಪು ಮದ್ದೂ ಓಡುತ್ತದೆ. ಎಲೆಚುಕ್ಕಿ ರೋಗ ಮಲೆನಾಡಿನ ತೋಟಗಳನ್ನು ಕಾಡತೊಡಗಿದ ಮೇಲೆ ಇದು ಇನ್ನಷ್ಟು ಕಾಣುತ್ತಿದೆ. ಸೋಗೆಯ ಕಲೆ ಶಿಲೀಂಧ್ರದ್ದೋ ಪೋಷಕಾಂಶದ ಕೊರತೆಯದೋ ಎಂದು ಒಂದು ಫೋಟೊ ನೋಡಿ ಹೇಳಲಾಗದು. ಆದರೂ ಅರ್ಧ ಗಂಟೆಯಲ್ಲಿ ನಾಲ್ಕು ಔಷಧದ ಹೆಸರು ಬಂದಿರುತ್ತದೆ, ಅದರಲ್ಲಿ ಒಂದನ್ನು ಹೇಳಿದವರು ಅದನ್ನು ಮಾರುವವರೇ ಇರಬಹುದು. ಬೋರ್ಡೋವನ್ನೇ ನೋಡಿ. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಸುಣ್ಣ ಹಳೆಯದಾಗಿದ್ದರೆ ಆ ಲೆಕ್ಕ ಸಾಲದು. ಕಬ್ಬಿಣದ ಚಾಕು ಅದ್ದಿ, ಕೆಂಪು ಅಂಟಿದರೆ ಇನ್ನಷ್ಟು ಸುಣ್ಣ ಸೇರಿಸಬೇಕು. ಫಾರ್ವರ್ಡ್ ಆಗುವುದು ಲೆಕ್ಕ ಮಾತ್ರ, ಚಾಕು ಹಿಂದೆಯೇ ಉಳಿಯುತ್ತದೆ.

ಅನುಭವ ಹಂಚುವ ಹಳೆಯ ದಾರಿಯೊಂದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕೃಷಿಕರೇ ಕೃಷಿಕರಿಗಾಗಿ ಬರೆಯಲೆಂದು 1988ರಲ್ಲಿ ಪುತ್ತೂರಿನಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ಯಲ್ಲಿ ಬರೆದವರ ಹೆಸರು, ಊರು ಇರುತ್ತದೆ, ಹಳೆಯ ಸಂಚಿಕೆ ಹುಡುಕಿ ಓದಬಹುದು. ಗ್ರೂಪಿನಲ್ಲಿ ಒಳ್ಳೆಯ ಉತ್ತರ ‘ಶುಭೋದಯ’ಗಳ ಅಡಿಗೆ ಸೇರಿ, ಮುಂದಿನ ಜೂನ್‌ನಲ್ಲಿ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಪತ್ರಿಕೆ ತಿಂಗಳಿಗೊಮ್ಮೆ ಬರುವುದು, ಗ್ರೂಪು ಈಗಲೇ ಉತ್ತರಿಸುವುದು ಎಂಬುದೂ ನಿಜವೇ.

ನನ್ನ ಮಟ್ಟಿಗೆ ಸುದ್ದಿಗೆ, ಕೂಲಿಯವರ ವಿಚಾರಕ್ಕೆ, ಯಂತ್ರದ ಅನುಭವಕ್ಕೆ ಗ್ರೂಪನ್ನು ಮೀರಿದ್ದಿಲ್ಲ. ಹೊಸ ರೋಗಕ್ಕೆ ಮದ್ದು ಆರಿಸುವಾಗ ಮಾತ್ರ ವಿಟ್ಲದ ಸಂಶೋಧನಾ ಕೇಂದ್ರವನ್ನೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನೋ ಕೇಳಿಯೇ ಮುಂದುವರಿಯಬೇಕು. ಉತ್ತರ ಕೊಡುವವರು ತಮ್ಮ ಊರು, ಮದ್ದು ಬಿಟ್ಟ ಪ್ರಮಾಣ, ದಿನ ಬರೆಯಲಿ. ಫಲ ಸಿಗದಿದ್ದರೆ ಅದನ್ನೂ ಬರೆಯಲಿ. ಅಡ್ಮಿನ್‌ಗಳು ವರ್ಷಕ್ಕೊಮ್ಮೆಯಾದರೂ ಒಳ್ಳೆಯ ಉತ್ತರಗಳನ್ನು ಒಂದೆಡೆ ಸೇರಿಸಿ ಹೊಸ ಸದಸ್ಯರಿಗೆ ಕಳಿಸಲಿ.