ನಡುರಾತ್ರಿಯ ಬೆವರನ್ನು ಸಹಿಸಲೇಬೇಕೆ?

ಮೈನೆರೆದ ಹುಡುಗಿಗೆ ನಮ್ಮ ಹಿರಿಯರು ಆರತಿ ಎತ್ತಿದರು, ಚಿಗಳಿ ತಿನ್ನಿಸಿದರು, ಸೋಬಾನೆ ಹಾಡಿದರು. ಬಸುರಿಗೆ ಬಯಕೆಯೂಟವನ್ನೂ ಹಸಿರು ಬಳೆಯನ್ನೂ, ಬಾಣಂತಿಗೆ ಎಣ್ಣೆನೀರನ್ನೂ ಪಥ್ಯವನ್ನೂ ಗೊತ್ತುಮಾಡಿದರು. ಮುಟ್ಟು ನಿಲ್ಲುವ ಹೆಂಗಸಿಗೆ ಮಾತ್ರ ಏನನ್ನೂ ಗೊತ್ತುಮಾಡಲಿಲ್ಲ. ಅವಳ ಪಾಲಿಗೆ ಬಂದದ್ದು ‘ನಿಂತಿತಂತೆ’ ಎಂಬ ಒಂದು ಪಿಸುಮಾತು. ನಿಘಂಟಿನಲ್ಲಿ ಋತುಬಂಧವಿದೆ, ರಜೋನಿವೃತ್ತಿಯಿದೆ. ಆದರೆ ಆ ವರ್ಷಗಳಲ್ಲಿ ಇರುಳೆಲ್ಲ ಮೈ ತೊಯ್ಯಿಸಿ ಎಬ್ಬಿಸುವ ಬೆವರಿಗೆ ಒಂದು ಹೆಸರನ್ನು ನಾವು ಕೇಳಿಲ್ಲ. ಕರಾವಳಿಯವರು ಸೆಕೆ ಎನ್ನುತ್ತಾರೆ, ಬಡಗಣ ನಾಡಿನವರು ಮೈಕಾವು ಎನ್ನುತ್ತಾರೆ, ಮುಂಬಯಿಗೆ ಬಂದು ನೆಲೆಸಿದ ಮೇಲೆ ಎಲ್ಲರೂ ಹೀಟು ಎನ್ನುತ್ತಾರೆ. ಸೆಕೆ ಎಂದಮೇಲೆ ಅದು ಹವೆಯ ಮಾತಾಯಿತು. ಹವೆಗೆ ಮದ್ದು ಕೇಳಲು ವೈದ್ಯರ ಬಳಿ ಹೋಗುವವರುಂಟೆ? ನಮ್ಮ ಬಳಗದ ಗೆಳತಿಯರಲ್ಲಿ ಹೆಚ್ಚಿನವರು ಹೋಗಿರಲಿಲ್ಲ. ಹೋಗಬೇಕಿತ್ತು, ಹೋಗಬೇಕು ಎಂಬುದು ನಮ್ಮ ವಾದ.

ಆಗುವುದೇನೆಂದು ಅನುಭವಿಸಿದವರಿಗೆ ಹೇಳಬೇಕಿಲ್ಲ, ಅನುಭವಿಸದವರಿಗಾಗಿ ಬರೆಯುತ್ತೇವೆ. ರಾತ್ರಿ ಎರಡಕ್ಕೋ ಮೂರಕ್ಕೋ ಎದೆಯಿಂದ ಬಿಸಿಯೊಂದು ಹೊರಟು ಕುತ್ತಿಗೆ, ಕೆನ್ನೆ, ನೆತ್ತಿಯವರೆಗೆ ಏರುತ್ತದೆ. ಎದೆ ಡವಗುಟ್ಟುತ್ತದೆ. ಕೆಲವೇ ನಿಮಿಷಗಳಲ್ಲಿ ಬೆನ್ನು, ದಿಂಬು, ಹಾಸು ಎಲ್ಲ ಒದ್ದೆ. ಹೊದಿಕೆ ಕಿತ್ತೆಸೆದು ಕುಳಿತ ಮರುಗಳಿಗೆಯಲ್ಲಿ ಅದೇ ಬೆವರು ಆರುತ್ತ ಮೈ ನಡುಗಿಸುತ್ತದೆ. ಇದು ಒಂದು ರಾತ್ರಿಗೆ ಮೂರು ನಾಲ್ಕು ಸಲವೂ ಆಗಬಹುದು. ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ಐದೂವರೆಗೆ ನೀರು ಬರುತ್ತದೆ. ಡಬ್ಬಿ ಕಟ್ಟಿ ಏಳೂವರೆಯ ಲೋಕಲ್ ಹಿಡಿಯಬೇಕು. ರಾತ್ರಿಯ ನಿದ್ದೆ ಹೋದ ಹೆಂಗಸು ಹಗಲಿನಲ್ಲಿ ಸಿಡುಕುತ್ತಾಳೆ, ಮರೆಯುತ್ತಾಳೆ, ಲೆಕ್ಕ ತಪ್ಪುತ್ತಾಳೆ. ಮನೆಯವರು ಅದನ್ನು ವಯಸ್ಸಿನ ಸ್ವಭಾವವೆಂದು ಬರೆದುಕೊಳ್ಳುತ್ತಾರೆ.

‘ಸ್ವಲ್ಪ ದಿನ ತಡೆದುಕೋ, ತಾನಾಗಿ ಹೋಗುತ್ತದೆ’ ಎಂಬುದು ಹಿರಿಯರ ಸಾಂತ್ವನ. ಸ್ವಲ್ಪ ದಿನ ಎಂದರೆ ಎಷ್ಟು? ಅಮೆರಿಕದಲ್ಲಿ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟಿಸಿದ ಉತ್ತರ, ಮಧ್ಯಮಾಂಕದ ಲೆಕ್ಕದಲ್ಲಿ 7.4 ವರ್ಷ. ಅಂದರೆ ಅರ್ಧದಷ್ಟು ಮಂದಿಗೆ ಅದಕ್ಕಿಂತಲೂ ಹೆಚ್ಚು. ಪಶ್ಚಿಮದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51ರ ಸುಮಾರು, ಭಾರತದಲ್ಲಿ 46–47. ನಮ್ಮವರಿಗೆ ಈ ಕಾಟ ಶುರುವಾಗುವುದು ಮಕ್ಕಳ ಹತ್ತನೆಯ ತರಗತಿಯ ಪರೀಕ್ಷೆಯೂ ಅತ್ತೆಯ ಮಂಡಿನೋವೂ ಕಚೇರಿಯ ಬಡ್ತಿಯೂ ಒಟ್ಟಿಗೆ ಬಂದು ನಿಂತಿರುವ ಕಾಲದಲ್ಲಿ. ಏಳು ವರ್ಷದ ನಿದ್ದೆಯನ್ನು ‘ತಡೆದುಕೋ’ ಎಂಬ ಮಾತಿಗೆ ಒಪ್ಪಿಸಿಬಿಡುವುದು ದೊಡ್ಡ ದುಂದುವೆಚ್ಚ.

ಈ ಬೆವರಿನ ಮೂಲ ಹೊಟ್ಟೆಯ ಉಷ್ಣದಲ್ಲಿಲ್ಲ, ಮೆದುಳಿನ ಬುಡದಲ್ಲಿದೆ. ಮೈಯ ತಾಪವನ್ನು ಕಾಯುವ ಹೈಪೊಥಲಾಮಸ್ ಎಂಬ ಪುಟ್ಟ ಭಾಗದಲ್ಲಿ ಕೆಲವು ನರಕೋಶಗಳಿವೆ. ಈಸ್ಟ್ರೋಜೆನ್ ಹಾರ್ಮೋನು ಅವುಗಳನ್ನು ಹದ್ದಿನಲ್ಲಿ ಇಟ್ಟಿರುತ್ತದೆ. ಅದು ಇಳಿದಾಗ ಆ ಕೋಶಗಳು ಹಿಗ್ಗಿ ನ್ಯೂರೋಕೈನಿನ್-ಬಿ ಎಂಬ ರಾಸಾಯನಿಕವನ್ನು ಅತಿಯಾಗಿ ಹರಿಸುತ್ತವೆ. ಆಗ ತಾಪದ ಕಾವಲುಗಾರನಿಗೆ ಅರ್ಧ ಡಿಗ್ರಿಯ ಏರಿಳಿತವೂ ಬೆಂಕಿ ಬಿದ್ದಂತೆ ಕಾಣುತ್ತದೆ. ಚರ್ಮದ ರಕ್ತನಾಳಗಳನ್ನು ತೆರೆದು, ಬೆವರಿಳಿಸಿ ಮೈಯನ್ನು ತಣಿಸಲು ಅದು ಆಜ್ಞೆ ಹೊರಡಿಸುತ್ತದೆ. ದಿಲ್ಲಿಯ ಜನವರಿಯಲ್ಲಿ ರಜಾಯಿಯೊಳಗೆ ಮಲಗಿದವಳೂ ತೊಯ್ದು ಏಳುವುದು ಇದಕ್ಕಾಗಿಯೇ.

ನಮ್ಮ ಅಡುಗೆಮನೆಗಳು ಈ ತಿಳಿವಳಿಕೆಗಾಗಿ ಕಾದು ಕುಳಿತಿರಲಿಲ್ಲ. ಕೊತ್ತಂಬರಿ ಬೀಜ ನೆನೆಸಿದ ನೀರು, ಬಾರ್ಲಿ ಗಂಜಿ, ರಾಗಿ ಅಂಬಲಿ, ಪುನರ್ಪುಳಿ ಪಾನಕ, ಲಾವಂಚದ ಬೇರು ಹಾಕಿದ ಹೂಜಿ, ನೆತ್ತಿಗೆ ಹರಳೆಣ್ಣೆ. ಇವೆಲ್ಲ ನಮಗೆ ಪ್ರಿಯವಾದವು. ಬೇಸಗೆಯ ದಾಹಕ್ಕೆ ಇವುಗಳಿಗಿಂತ ಉತ್ತಮವಾದುದಿಲ್ಲ. ಬೆವರಿನಲ್ಲಿ ಕಳೆದ ನೀರನ್ನು ಮರಳಿ ತುಂಬಿಕೊಳ್ಳಲು ಮಜ್ಜಿಗೆ ಒಳ್ಳೆಯದೇ. ಆದರೆ ಮೆದುಳಿನ ಆ ಕೋಶಗಳನ್ನು ಇವು ಸುಮ್ಮನಾಗಿಸುತ್ತವೆಂದು ಹೇಳುವುದಕ್ಕೆ ಆಧಾರವಿಲ್ಲ. ‘ಕುಡಿದೆ, ಕಡಿಮೆಯಾಯಿತು’ ಎಂಬ ಗೆಳತಿಯ ಮಾತು ಸುಳ್ಳೆಂದಲ್ಲ. ಮದ್ದಿಲ್ಲದ ಗುಳಿಗೆ ನುಂಗಿದವರಲ್ಲಿಯೂ ಈ ಕಾಟ ಗಣನೀಯವಾಗಿ ಇಳಿಯುವುದನ್ನು ಪ್ರಯೋಗಗಳು ಮತ್ತೆ ಮತ್ತೆ ಕಂಡಿವೆ. ನಮಗೆ ಆಕ್ಷೇಪವಿರುವುದು ಪಾನಕದ ಬಗ್ಗೆ ಅಲ್ಲ, ಜಾಹೀರಾತಿನ ಡಬ್ಬಿಗಳ ಬಗ್ಗೆ. ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆಯ ಗುಳಿಗೆಗಳು ಪರೀಕ್ಷೆಯಲ್ಲಿ ಸೋತಿವೆ. ಬ್ಲ್ಯಾಕ್ ಕೊಹೊಷ್ ಬೇರಿನ ಗುಳಿಗೆಗಳಿಂದ ಅಪರೂಪಕ್ಕೆ ಯಕೃತ್ತಿಗೆ ಪೆಟ್ಟಾದ ವರದಿಗಳಿವೆ. ಒಳಗೆ ಏನಿದೆಯೆಂದು ಬರೆಯದ ‘ಸ್ತ್ರೀಸಂಜೀವನ’ದಂಥ ಪುಡಿಗಳ ಮಾತು ಬೇರೆ ಬೇಡ.

ಹಾಸಿಗೆಯ ವಿಷಯಕ್ಕೆ ಬರೋಣ. ಇಲ್ಲಿ ಹೇಳುವುದು ಸ್ವಲ್ಪ ಹೆಚ್ಚಿದೆ. ಗಾಳಿ, ನೀರು, ತೆಳುಬಟ್ಟೆಗಳು ಬೆವರಿನ ಸಲಗಳನ್ನು ಕಡಿಮೆ ಮಾಡುತ್ತವೆಂಬುದು ಸಿದ್ಧವಾಗಿಲ್ಲ. ಆದರೆ ಎಚ್ಚರವಾದವಳು ಹತ್ತು ನಿಮಿಷದಲ್ಲಿ ಮತ್ತೆ ಮಲಗುತ್ತಾಳೋ ಒಂದು ಗಂಟೆ ಹೊರಳುತ್ತಾಳೋ ಎಂಬುದು ಬಹಳಮಟ್ಟಿಗೆ ಇವುಗಳಿಂದಲೇ ತೀರ್ಮಾನವಾಗುತ್ತದೆ. ಫೋಮ್ ಹಾಸಿಗೆ ಮೈಯ ಕಾವನ್ನು ಹಿಡಿದಿಡುತ್ತದೆ. ಹತ್ತಿಯ ಹಾಸಿಗೆಯೋ ಚಾಪೆಯೋ ಬಿಟ್ಟುಕೊಡುತ್ತದೆ. ರೈಲ್ವೆ ನಿಲ್ದಾಣದ ಹೊರಗೆ ಅಗ್ಗಕ್ಕೆ ಸಿಗುವ ಪಾಲಿಯೆಸ್ಟರ್ ನೈಟಿಯನ್ನು ಮೊದಲು ಬಿಡಬೇಕು. ಹಳೆಯ ನೂಲಿನ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿನ ಮೇಲೆ ಹರಡಿದರೆ, ತೊಯ್ದಾಗ ಅದನ್ನಷ್ಟೇ ಎಳೆದುಬಿಡಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಬೆಡ್‌ಶೀಟು ಒಣಗಿಸುವುದೇ ಸಾಹಸವಾದ ಈ ಊರಿನಲ್ಲಿ ತೆಳು ಸೀರೆ ಸಂಜೆಯೊಳಗೆ ಪಂಖದಡಿಯಲ್ಲೇ ಒಣಗುತ್ತದೆ. ಬದಲಿ ನೈಟಿ, ಒಂದು ಟವೆಲು, ಒಂದು ಚೊಂಬು ನೀರು ತಲೆಯ ಬಳಿಯಿದ್ದರೆ ದೀಪ ಹಾಕಿ ಕಪಾಟು ತೆಗೆಯುವ ಗೋಜಿಲ್ಲ. ಒಂದೇ ದೊಡ್ಡ ಹೊದಿಕೆಯಲ್ಲಿ ಇಬ್ಬರು ಮಲಗುವ ಪದ್ಧತಿಗೆ ಕೆಲವು ವರ್ಷ ರಜೆ ಕೊಡಬಹುದು.

ಇನ್ನು ಪಂಖ. ಅದರ ರೆಗ್ಯುಲೇಟರು ಯಾರ ಕೈಯಲ್ಲಿದೆ ಎಂಬುದರಲ್ಲಿ ಮನೆಯ ರಾಜಕೀಯವೆಲ್ಲ ಅಡಗಿದೆ. ಹಾಲ್‌ನಲ್ಲಿ ಮಾವನವರಿಗೆ ಗಾಳಿ ಆಗದು, ಒಳಕೋಣೆಯಲ್ಲಿ ಗಂಡನಿಗೆ ಶೀತ, ಕಿಟಕಿಯ ಪಕ್ಕದ ಜಾಗ ಮೊದಲಿಂದಲೂ ಇನ್ನೊಬ್ಬರದು. ಐದರಲ್ಲಿದ್ದ ಪಂಖವನ್ನು ನಿದ್ದೆಗಣ್ಣಿನಲ್ಲಿ ಯಾರೋ ಎರಡಕ್ಕೆ ಇಳಿಸುತ್ತಾರೆ. ಅವಳು ಎದ್ದು ಅಡುಗೆಮನೆಯ ನೆಲದ ಮೇಲೆ ಹೋಗಿ ಮಲಗುತ್ತಾಳೆ. ಇದನ್ನು ತ್ಯಾಗವೆಂದು ಕೊಂಡಾಡುವುದನ್ನು ನಾವು ಒಪ್ಪುವುದಿಲ್ಲ. ಅವಳೊಬ್ಬಳ ಕಡೆಗೆ ಮುಖಮಾಡಿದ ಒಂದು ಸಣ್ಣ ಟೇಬಲ್ ಫ್ಯಾನು, ಕಿಟಕಿಯ ಪಕ್ಕದ ಜಾಗ, ಗಂಡನಿಗೊಂದು ಕಂಬಳಿ ಎಂಬಷ್ಟು ಏರ್ಪಾಡು ಬಡವರ ಮನೆಗೂ ಅಸಾಧ್ಯವಲ್ಲ. ಆದರೆ ಅದಕ್ಕೆ ಮೊದಲು ಕಾರಣವನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಬೆಳೆದ ಮಗನ ಮುಂದೆ, ಮಾವನವರ ಮುಂದೆ ಹೇಳುವುದು ಸುಲಭವಲ್ಲವೆಂದು ಬಲ್ಲೆವು. ಸಕ್ಕರೆ ಕಾಯಿಲೆಯ ಲೆಕ್ಕವನ್ನು ಊಟದ ಮೇಜಿನಲ್ಲಿ ಓದಿ ಹೇಳುವ ಮನೆಗಳಲ್ಲಿ ಇದು ಮಾತ್ರ ಏಕೆ ನಾಚಿಕೆಯ ಸಂಗತಿಯಾಗಬೇಕು?

ಕಾಟ ಬಲವಾಗಿದ್ದರೆ ಪಂಖ, ಚಾಪೆಗಳು ಸಾಲವು. ಅತ್ಯಂತ ಫಲಕಾರಿಯಾದ ಮದ್ದು ಹಾರ್ಮೋನು ಚಿಕಿತ್ಸೆಯೇ; ಅದು ಬಿಸಿಯೇರುವ ಸಲಗಳನ್ನು ನೂರಕ್ಕೆ ಎಪ್ಪತ್ತೈದರಷ್ಟು ಇಳಿಸಬಲ್ಲುದು. ಅದರ ಹೆಸರೆತ್ತಿದೊಡನೆ ಕ್ಯಾನ್ಸರಿನ ಭಯ ಏಳುತ್ತದೆ. ಈ ಭಯಕ್ಕೆ ಒಂದು ಹುಟ್ಟಿದ ದಿನವೇ ಇದೆ ಎನ್ನಬಹುದು: 2002ರ ಜುಲೈ. ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ಅಮೆರಿಕದ ದೊಡ್ಡ ಪ್ರಯೋಗದ ಒಂದು ಭಾಗವನ್ನು ಆಗ ಅವಧಿಗೆ ಮುಂಚೆ ನಿಲ್ಲಿಸಲಾಯಿತು. ಅದರಲ್ಲಿದ್ದ 16,608 ಹೆಂಗಸರ ಸರಾಸರಿ ವಯಸ್ಸು 63. ಪ್ರಯೋಗದ ಉದ್ದೇಶ ಹೃದ್ರೋಗ ತಡೆಯಬಹುದೇ ಎಂದು ನೋಡುವುದಾಗಿತ್ತು. ಬೆವರಿನ ಶಮನ ಅಲ್ಲಿಯ ಪ್ರಶ್ನೆಯಾಗಿರಲಿಲ್ಲ. ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಎರಡನ್ನೂ ತೆಗೆದುಕೊಂಡವರಲ್ಲಿ ವರ್ಷಕ್ಕೆ 10,000 ಮಂದಿಗೆ 8ರಂತೆ ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಂಡಿತು. ಗರ್ಭಕೋಶವಿಲ್ಲದ, ಬರಿಯ ಈಸ್ಟ್ರೋಜೆನ್ ತೆಗೆದುಕೊಂಡವರಲ್ಲಿ ಆ ಏರಿಕೆ ಕಾಣಲಿಲ್ಲ. ಈ ವಿವರಗಳು ಪತ್ರಿಕೆಯ ತಲೆಬರಹದಲ್ಲಿ ಉಳಿಯಲಿಲ್ಲ. ಜಗತ್ತಿನಾದ್ಯಂತ ವೈದ್ಯರ ಲೇಖನಿಗಳೂ ಹಿಂಜರಿದವು. ಇಂದಿನ ವೈದ್ಯಕೀಯ ಸಂಘಗಳ ಅಭಿಮತ ಬೇರೆಯಾಗಿದೆ: ಅರವತ್ತರ ಒಳಗಿನ, ಅಥವಾ ಮುಟ್ಟು ನಿಂತು ಹತ್ತು ವರ್ಷ ಮೀರದ, ಬೇರೆ ಅಡ್ಡಿಯಿಲ್ಲದ ಹೆಚ್ಚಿನ ಹೆಂಗಸರಿಗೆ ಲಾಭವೇ ಅಧಿಕ. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಮದ್ದುಗಳ ಪೊಟ್ಟಣದ ಮೇಲಿದ್ದ ಕಪ್ಪುಚೌಕದ ಎಚ್ಚರಿಕೆಗಳಲ್ಲಿ ಹೆಚ್ಚಿನವನ್ನು ತೆಗೆಸುವುದಾಗಿ ಸಾರಿದರು.

ಎಲ್ಲರಿಗೂ ಇದು ಸಲ್ಲುತ್ತದೆಂದು ನಾವು ಹೇಳುತ್ತಿಲ್ಲ. ಸ್ತನ ಕ್ಯಾನ್ಸರ್ ಬಂದು ಹೋದವರು, ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಅಥವಾ ಹೃದಯಾಘಾತ ಆದವರು, ಯಕೃತ್ತಿನ ಕಾಯಿಲೆಯವರು, ಕಾರಣ ತಿಳಿಯದ ರಕ್ತಸ್ರಾವವಿರುವವರು ಇದರಿಂದ ದೂರವಿರಬೇಕಾಗುತ್ತದೆ. ಗರ್ಭಕೋಶವಿರುವವರು ಈಸ್ಟ್ರೋಜೆನ್ ಒಂದನ್ನೇ ತೆಗೆದುಕೊಳ್ಳುವಂತಿಲ್ಲ. ಗರ್ಭಕೋಶದ ಒಳಪೊರೆಯನ್ನು ಕಾಯಲು ಪ್ರೊಜೆಸ್ಟರೋನ್ ಜೊತೆಗಿರಬೇಕು. ನೆರೆಮನೆಯವರ ಚೀಟಿ ನೋಡಿ ಮದ್ದಿನಂಗಡಿಯಿಂದ ಗುಳಿಗೆ ತರುವ ನಮ್ಮ ಅಭ್ಯಾಸ ಇಲ್ಲಿ ನಡೆಯದು.

ಹಾರ್ಮೋನು ಸಲ್ಲದವರಿಗೆ ಬೇರೆ ದಾರಿಗಳಿವೆ. ಖಿನ್ನತೆಗೆ ಕೊಡುವ ವೆನ್ಲಾಫಾಕ್ಸಿನ್, ಪ್ಯಾರಾಕ್ಸೆಟಿನ್ ಗುಳಿಗೆಗಳು ಕಡಿಮೆ ಪ್ರಮಾಣದಲ್ಲಿ ಈ ಬೆವರನ್ನು ಇಳಿಸುತ್ತವೆ. ಚೀಟಿಯಲ್ಲಿ ಆ ಹೆಸರು ಕಂಡು ‘ನನಗೇನು ಹುಚ್ಚೇ’ ಎಂದು ಮುನಿಯಬೇಕಾಗಿಲ್ಲ. ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿರುವವರಿಗೆ ಮಾತ್ರ ಪ್ಯಾರಾಕ್ಸೆಟಿನ್ ಆಗದು. ಅದು ಆ ಮದ್ದಿನ ಕೆಲಸಕ್ಕೆ ಅಡ್ಡಬರುತ್ತದೆ. ರಾತ್ರಿಯ ಕಾಟವೇ ಹೆಚ್ಚಾಗಿದ್ದವರಿಗೆ ಗ್ಯಾಬಪೆಂಟಿನ್ ಉಂಟು. ಮೇಲೆ ಹೇಳಿದ ನ್ಯೂರೋಕೈನಿನ್ನಿನ ದಾರಿಯನ್ನೇ ತಡೆಯುವ ಫೆಜೊಲಿನೆಟಾಂಟ್‌ಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೆ ಯಕೃತ್ತಿನ ಪರೀಕ್ಷೆ ನಡೆಯುತ್ತಿರಬೇಕು. ಗುಳಿಗೆಯೇ ಬೇಡವೆನ್ನುವವರಿಗೆ ಮನೋಚಿಕಿತ್ಸಕರು ಕಲಿಸುವ ಅರಿವು-ವರ್ತನೆಯ ಚಿಕಿತ್ಸೆಯಿದೆ. ಬೆವರುವ ಸಲಗಳು ಇಳಿಯದಿದ್ದರೂ ಅದರಿಂದ ಆಗುವ ಕಳವಳ ಇಳಿಯುತ್ತದೆ, ನಿದ್ದೆ ಮರಳುತ್ತದೆ.

ಮುಟ್ಟು ತಾನಾಗಿ ನಿಂತವರ ಮಾತನ್ನಷ್ಟೇ ಆಡಿ ಬಿಟ್ಟರೆ ನಮ್ಮ ಬರಹ ಅರೆಯಾದೀತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಸಾವಿರಾರು ಹೆಂಗಸರು ಹರೆಯದಲ್ಲಿಯೇ ಗರ್ಭಕೋಶ ತೆಗೆಸಿಕೊಂಡ ಸಂಗತಿ 2019ರಲ್ಲಿ ಬೆಳಕಿಗೆ ಬಂದು ಸರ್ಕಾರ ಸಮಿತಿ ನೇಮಿಸಬೇಕಾಯಿತು. ಕಲಬುರಗಿ, ಹಾವೇರಿ ಜಿಲ್ಲೆಗಳಿಂದಲೂ ಅನವಶ್ಯಕ ಶಸ್ತ್ರಕ್ರಿಯೆಗಳ ದೂರುಗಳು ಕೇಳಿಬಂದಿದ್ದವು. ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆದಿದ್ದರೆ ಹಾರ್ಮೋನು ಒಮ್ಮೆಲೇ ಬತ್ತಿ, ಬೆವರು ಉಳಿದವರಿಗಿಂತ ಉಗ್ರವಾಗಿ ಬರುತ್ತದೆ. ಮೂಳೆಗೂ ಹೃದಯಕ್ಕೂ ಕೇಡು. ಇಂಥ ಎಳೆಯ ವಯಸ್ಸಿನವರಿಗೆ, ಅಡ್ಡಿಯಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಕೊಡುವುದೇ ವಿಹಿತ. ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸರಲ್ಲಿ ಮೂವತ್ತೈದಕ್ಕೇ ‘ಚೀಲ ತೆಗೆಸಿದ’ವರಿದ್ದಾರೆ. ಅಂಡಾಶಯ ಉಳಿದಿದೆಯೇ ಎಂದು ಕೇಳಿದರೆ ಅವರಿಗೆ ಗೊತ್ತಿಲ್ಲ. ಬಿಡುಗಡೆಯ ಕಾಗದ ಟ್ರಂಕಿನಲ್ಲಿದೆ, ಇಂಗ್ಲಿಷಿನಲ್ಲಿದೆ. ಅದನ್ನು ತರಿಸಿ ಓದಿ ಹೇಳುವುದು ಅಕ್ಷರ ಬಲ್ಲ ನಮಗೆ ಅರ್ಧ ಗಂಟೆಯ ಕೆಲಸ.

ಇರುಳು ಬೆವರುವುದೆಲ್ಲ ಋತುಬಂಧದ್ದೆಂದು ತಿಳಿಯುವುದೂ ಅಪಾಯ. ಸಂಜೆ ಜ್ವರ, ಬಿಡದ ಕೆಮ್ಮು, ಇಳಿಯುತ್ತಿರುವ ತೂಕ ಇದ್ದರೆ ಕ್ಷಯದ ಪರೀಕ್ಷೆ ಮೊದಲು ಆಗಬೇಕು. ಥೈರಾಯ್ಡ್ ಹೆಚ್ಚಿದರೂ, ಸಕ್ಕರೆ ಕಾಯಿಲೆಯ ಮದ್ದಿನಿಂದ ರಾತ್ರಿ ಸಕ್ಕರೆ ಇಳಿದರೂ ಮೈ ತೊಯ್ಯುತ್ತದೆ.

ಹೊರನಾಡಿನ ನಮಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಕನ್ನಡ ಅಥವಾ ತುಳು, ವೈದ್ಯರೆದುರು ಹಿಂದಿ ಇಲ್ಲವೆ ಮರಾಠಿ. ‘ರಾತ್ ಕೋ ಪಸೀನಾ ಆತಾ ಹೈ’ ಎಂದರೆ ‘ಬಂಬಯಿ ಮೇ ಸಬ್ ಕೋ ಆತಾ ಹೈ’ ಎಂಬ ನಗುಮೊಗದ ಉತ್ತರ ಕೇಳಿ ಮರಳಿದವರು ನಮ್ಮಲ್ಲಿದ್ದಾರೆ. ಹೆಣ್ಣಿನ ದೇಹದ ಮಾತನ್ನು ಸಂಕೋಚವಿಲ್ಲದೆ ಹೇಳಬಲ್ಲ ಕನ್ನಡವನ್ನು ಅನುಪಮಾ ನಿರಂಜನ ‘ತಾಯಿ-ಮಗು’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ಗಳಲ್ಲಿ ಕಟ್ಟಿಕೊಟ್ಟು ದಶಕಗಳೇ ಸಂದಿವೆ, ಆ ಕನ್ನಡವನ್ನು ನಾವು ಬಳಸಬೇಕಾಗಿದೆ. ವೈದ್ಯರ ಮುಂದೆ ನಾಲಿಗೆ ತಡವರಿಸುವವರಿಗೆ ಒಂದು ಸಣ್ಣ ನೋಟುಪುಸ್ತಕ ನೆರವಾದೀತು. ಎರಡು ವಾರ, ಪ್ರತಿ ಬೆಳಿಗ್ಗೆ: ಎಷ್ಟು ಸಲ ಎಚ್ಚರವಾಯಿತು, ಎಷ್ಟು ಸಲ ಬಟ್ಟೆ ಬದಲಾಯಿಸಿದೆ, ಮತ್ತೆ ನಿದ್ದೆ ಹತ್ತಲು ಎಷ್ಟು ಹೊತ್ತಾಯಿತು. ಮೊದಲ ಪುಟದಲ್ಲಿ ಕೊನೆಯ ಮುಟ್ಟಿನ ತಾರೀಕು, ಈಗ ತೆಗೆದುಕೊಳ್ಳುತ್ತಿರುವ ಮದ್ದುಗಳು, ರಕ್ತದೊತ್ತಡ, ತಾಯಿ ಅಥವಾ ಅಕ್ಕತಂಗಿಯರಿಗೆ ಸ್ತನ ಕ್ಯಾನ್ಸರ್ ಆಗಿತ್ತೇ ಎಂಬ ವಿವರ. ಅದನ್ನು ಸ್ತ್ರೀರೋಗ ತಜ್ಞರ ಮೇಜಿನ ಮೇಲೆ ತೆರೆದಿಡಬೇಕು. ಮದ್ದು ಶುರುವಾದ ಮೇಲೂ ಬರೆಯುತ್ತಿದ್ದರೆ, ಮೂರು ತಿಂಗಳ ಬಳಿಕ ಎರಡನೆಯ ಭೇಟಿಯಲ್ಲಿ ಹಳೆಯ ಪುಟವನ್ನೂ ಹೊಸ ಪುಟವನ್ನೂ ಅಕ್ಕಪಕ್ಕದಲ್ಲಿಟ್ಟು, ಮುಂದುವರಿಸುವುದೋ ಬದಲಾಯಿಸುವುದೋ ಎಂದು ಕೇಳಬಹುದು.